ಟವೆಲ್ಲಿನ ಮರೆಯ ಮಾತು

1982ರ ಶಿವರಾತ್ರಿಯ ಸಮಯ. ನನಗೆ ಹತ್ತು ವರ್ಷ. ತಾತ ನನ್ನನ್ನು ಸಿದ್ಧಗಂಗೆಯ ದನಗಳ ಜಾತ್ರೆಗೆ ಕರೆದುಕೊಂಡು ಹೋಗಿದ್ದರು. ಬೆಟ್ಟದ ಕೆಳಗಿನ ಬಯಲಿನಲ್ಲಿ ಹಳ್ಳಿಕಾರ್ ಹೋರಿಗಳು ಸಾಲುಸಾಲಾಗಿ ಗೂಟಕ್ಕೆ ಕಟ್ಟಿಕೊಂಡು ನಿಂತಿದ್ದವು. ಒಣಹುಲ್ಲು, ಸಗಣಿ, ಧೂಳು ಮೂರೂ ಬೆರೆತ ವಾಸನೆ. ತಾತ ಒಂದು ಜೋಡಿಯ ಮುಂದೆ ನಿಂತರು. ಬಾಯಿ ಬಿಡಿಸಿ ಹಲ್ಲು ನೋಡಿದರು, ಬೆನ್ನ ಮೇಲೆ ಕೈಯಾಡಿಸಿ ಸುಳಿ ನೋಡಿದರು, ಹತ್ತು ಹೆಜ್ಜೆ ನಡೆಸಿ ಕಾಲು ನೋಡಿದರು. ಅಲ್ಲಿಯವರೆಗೆ ಜೋರಾಗಿಯೇ ನಡೆದಿದ್ದ ಮಾತುಕತೆ ಬೆಲೆಯ ವಿಷಯ ಬಂದ ಕೂಡಲೇ ನಿಂತುಹೋಯಿತು. ದಲ್ಲಾಳಿ ತನ್ನ ಹೆಗಲ ಮೇಲಿದ್ದ ಟವೆಲ್ ತೆಗೆದು ತಾತನ ಬಲಗೈ ಮೇಲೆ ಹಾಸಿ, ಅದರ ಕೆಳಗೆ ತನ್ನ ಕೈ ತೂರಿಸಿದ. ಆಮೇಲೆ ಅಲ್ಲಿ ಕೇಳಿಸಿದ್ದೆಲ್ಲ ಬರೀ ಎತ್ತುಗಳ ಕೊರಳ ಗಂಟೆ.

ನಾನು ಕುಳ್ಳಗಿದ್ದದ್ದರಿಂದ ಬಗ್ಗದೆಯೇ ಟವೆಲ್ಲಿನ ಅಂಚಿನೊಳಗೆ ಇಣುಕಲು ಸಾಧ್ಯವಾಯಿತು. ದಲ್ಲಾಳಿ ತಾತನ ನಾಲ್ಕು ಬೆರಳುಗಳನ್ನು ಒಟ್ಟಿಗೆ ಹಿಡಿದು ಒತ್ತಿದ; ತಾತ ತಲೆಯಾಡಿಸದೆ, ಮುಖ ಬದಲಿಸದೆ, ತಮ್ಮ ಕೈಯನ್ನು ಮೆಲ್ಲನೆ ಬಿಡಿಸಿಕೊಂಡು ಅವನ ಮೂರು ಬೆರಳು ಹಿಡಿದರು. ಮತ್ತೆ ಅವನು, ಮತ್ತೆ ಇವರು. ನಡುವೆ ಒಮ್ಮೆ ದಲ್ಲಾಳಿ ಟವೆಲ್ ಎತ್ತಿಕೊಂಡು ಎತ್ತಿನ ಯಜಮಾನನ ಬಳಿ ಹೋಗಿ ಅವನ ಕೈಯನ್ನೂ ಹಾಗೆಯೇ ಮುಚ್ಚಿ ಹಿಡಿದು ಬಂದ. ಸುತ್ತ ಏಳೆಂಟು ಜನ ನಿಂತಿದ್ದರು. ಅವರಿಗೆ ಕಾಣುತ್ತಿದ್ದದ್ದು ಬಟ್ಟೆಯ ಕೆಳಗಿನ ಅಲುಗಾಟ ಮಾತ್ರ. ಕೊನೆಗೆ ತಾತ ಟವೆಲ್ ಕೊಡವಿ, ಅಂಗಿಯೊಳಗಿನ ಚೀಲದಿಂದ ಮುಂಗಡದ ನೋಟು ತೆಗೆದುಕೊಟ್ಟರು. ದಾರಿಯಲ್ಲಿ ಬರುತ್ತಾ ನಾನು ಕೇಳಿದೆ, ಬಾಯಲ್ಲಿ ಹೇಳಿದ್ದರೆ ಒಂದು ಗಳಿಗೆಯಲ್ಲಿ ಮುಗಿಯುತ್ತಿತ್ತಲ್ಲ, ಯಾಕೆ ಇಷ್ಟು ಹೊತ್ತು ಎಂದು. ತಾತ ಹೇಳಿದ್ದು ಇಷ್ಟೇ: "ಬಾಯಲ್ಲಿ ಒಂದ್ ಸಲ ನಾಲ್ಕು ಅಂದ್‌ಬುಟ್ರೆ ಮೂರೂವರೆಗೆ ಇಳಿಯಕ್ಕೆ ಅವ್ನಿಗೆ ನಾಚ್ಕೆ ಆಯ್ತದೆ ಮಗ. ನೋಡೋರು ಇರ್ತಾರಲ್ಲ. ಅವ್ನ ಮರ್ವಾದೆ ಅವ್ನಿಗೆ, ನಮ್ ಮರ್ವಾದೆ ನಮ್ಗೆ."

ಈ ಮಾತು ನನಗೆ ಅರ್ಥವಾಗಲು ಮೂವತ್ತು ವರ್ಷ ಬೇಕಾಯಿತು. ಆ ಮೂವತ್ತು ವರ್ಷಗಳಲ್ಲಿ ಹೆಚ್ಚಿನ ಕಾಲವನ್ನು ನಾನು ಮಾತಿನಲ್ಲೇ ಕಳೆದಿದ್ದೇನೆ: ಮೊದಲು ಚರ್ಚಾಸ್ಪರ್ಧೆಗಳಲ್ಲಿ, ಆಮೇಲೆ ತುಮಕೂರಿನ ನ್ಯಾಯಾಲಯದಲ್ಲಿ ವಕೀಲನಾಗಿ, ಈಚೆಗೆ ಮಧ್ಯಸ್ಥಿಕೆಗಾರನಾಗಿ.

ಚರ್ಚಾಸ್ಪರ್ಧೆಯಿಂದಲೇ ಹೇಳಬೇಕು. ತೊಂಬತ್ತರ ದಶಕದ ಆರಂಭದಲ್ಲಿ ತುಮಕೂರಿನ ಕಾಲೇಜು ಹುಡುಗರಿಗೆ ಅದೊಂದು ದೊಡ್ಡ ಆಕರ್ಷಣೆಯಾಗಿತ್ತು. ಪರ ಒಬ್ಬರು, ವಿರೋಧ ಒಬ್ಬರು, ಇಬ್ಬರೂ ಸೇರಿ ಗೆದ್ದರೆ ಕಾಲೇಜಿಗೆ ಪರ್ಯಾಯ ಪಾರಿತೋಷಕ. ಮೂರನೆಯ ನಿಮಿಷಕ್ಕೆ ಎಚ್ಚರಿಕೆಯ ಗಂಟೆ, ನಾಲ್ಕನೆಯದಕ್ಕೆ ಮುಕ್ತಾಯದ ಗಂಟೆ. "ಮಾನ್ಯ ತೀರ್ಪುಗಾರರೇ" ಎಂದು ಶುರು ಮಾಡಿ, ಒಂದು ವಚನವನ್ನೋ ಕಗ್ಗದ ಸಾಲನ್ನೋ ಉದ್ಧರಿಸಿ, ಎದುರಾಳಿಯ ಒಂದು ಮಾತನ್ನು ಎತ್ತಿಕೊಂಡು ಅದನ್ನು ಅವನ ಮೇಲೆಯೇ ತಿರುಗಿಸಿ, ಸಭೆ ಚಪ್ಪಾಳೆ ತಟ್ಟುತ್ತಿರುವಾಗಲೇ ಇಳಿದುಬರುವ ಕಲೆ ನನಗೆ ಬೇಗ ಒಲಿಯಿತು. ಅದರಿಂದ ಕಲಿತದ್ದು ಕಡಿಮೆಯೇನಲ್ಲ. ವಿಷಯವನ್ನು ಹುಡುಕಿಕೊಳ್ಳುವುದು, ಜೋಡಿಸುವುದು, ಮಾತಿಗೆ ಇಳಿಸುವುದು, ನೆನಪಿನಲ್ಲಿಟ್ಟುಕೊಳ್ಳುವುದು, ದನಿ ಮತ್ತು ಕೈ ಸನ್ನೆಯಿಂದ ಮುಟ್ಟಿಸುವುದು ಎಂದು ರೋಮನ್ನರು ವಾಗ್ಮಿಯ ಕೆಲಸವನ್ನು ಐದಾಗಿ ವಿಂಗಡಿಸಿದ್ದರೆಂಬುದು ಆಗ ನನಗೆ ತಿಳಿದಿರಲಿಲ್ಲ, ಆದರೆ ಆ ಐದನ್ನೂ ನಮ್ಮ ಕನ್ನಡ ಮೇಷ್ಟ್ರು ಬೇರೆ ಹೆಸರುಗಳಲ್ಲಿ ನಮ್ಮಿಂದ ಮಾಡಿಸುತ್ತಿದ್ದರು. ಆದರೂ ಒಂದು ಸಂಗತಿಯನ್ನು ಯಾರೂ ನಮಗೆ ಹೇಳಲಿಲ್ಲ. ಚರ್ಚಾಸ್ಪರ್ಧೆಯಲ್ಲಿ ಎದುರಾಳಿಯ ಮನಸ್ಸು ಬದಲಾಗಬೇಕಾದ ಅಗತ್ಯವೇ ಇರುವುದಿಲ್ಲ. ಅವನು ನಮ್ಮ ಮಾತಿಗೆ ಸೋತರೆ ಸಾಕು. ಒಪ್ಪುವವರು ಮೂರನೆಯವರು, ಮುಂದಿನ ಸಾಲಿನಲ್ಲಿ ಅಂಕಪಟ್ಟಿ ಹಿಡಿದು ಕೂತವರು.

ಆ ಅಭ್ಯಾಸವನ್ನು ನಾನು ಮನೆಗೆ ತಂದೆ. ನಾನು ಅಂತಿಮ ಬಿ.ಎ.ಯಲ್ಲಿದ್ದಾಗ ಎತ್ತುಗಳನ್ನು ಮಾರಿ ಟಿಲ್ಲರ್ ತರಬೇಕೋ ಬೇಡವೋ ಎಂಬ ಮಾತು ಮನೆಯಲ್ಲಿ ಎದ್ದಿತು. ಅಪ್ಪ, ಚಿಕ್ಕಪ್ಪ ಇಬ್ಬರಿಗೂ ಮನಸ್ಸಿತ್ತು, ತಾತನಿಗೆ ಇರಲಿಲ್ಲ. ಒಂದು ರಾತ್ರಿ ಊಟವಾದ ಮೇಲೆ, ಪಕ್ಕದ ಮನೆಯವರೂ ಬಂದು ಜಗುಲಿಯಲ್ಲಿ ಕೂತಿದ್ದ ಹೊತ್ತಿನಲ್ಲಿ, ನಾನು ಲೆಕ್ಕ ಹಾಕಿ ತೋರಿಸಿದೆ. ವರ್ಷಕ್ಕೆ ಎಷ್ಟು ದಿನ ಉಳುಮೆ, ಎಷ್ಟು ದಿನ ಎತ್ತುಗಳಿಗೆ ಸುಮ್ಮನೆ ಮೇವು, ಮೇವಿಗೆ ಎಷ್ಟು, ಡೀಸೆಲ್ಲಿಗೆ ಎಷ್ಟು. ತಾತ ಗೊಬ್ಬರದ ಮಾತೆತ್ತಿದರು. ಅದಕ್ಕೆ ಉತ್ತರ ಇತ್ತು. ಬಂಡಿಯ ಮಾತೆತ್ತಿದರು, ಅದಕ್ಕೂ ಇತ್ತು. ಕೊನೆಗೆ ಅವರು ಏನೂ ಹೇಳದೆ ಬೀಡಿ ಹಚ್ಚಿಕೊಂಡರು. ಪಕ್ಕದ ಮನೆಯವರು ನನ್ನ ಬೆನ್ನು ತಟ್ಟಿದರು. ಮುಂದಿನ ಜಾತ್ರೆಯಲ್ಲಿ ಎತ್ತುಗಳು ಹೋದವು. ಟಿಲ್ಲರ್ ಬಂತು, ಲೆಕ್ಕ ನಾನು ಹೇಳಿದಂತೆಯೇ ಆಯಿತು, ಅದರಲ್ಲಿ ತಪ್ಪಿರಲಿಲ್ಲ. ಆದರೆ ತಾತ ಆಮೇಲೆ ಹೊಲಕ್ಕೆ ಹೋಗುವುದನ್ನು ಬಿಟ್ಟರು, ಕೊಟ್ಟಿಗೆಯ ಕಡೆಗೆ ಮುಖ ಹಾಕಿ ಕೂರುವುದನ್ನೂ ಬಿಟ್ಟರು. ಮನೆಯ ಯಾವ ವಿಷಯ ಬಂದರೂ, "ಅವ್ನು ಓದ್ದೋನು, ಅವ್ನ್ನೇ ಕೇಳಿ" ಎನ್ನುತ್ತಿದ್ದರು. ಅದನ್ನು ಅವರು ಕೋಪದಿಂದಲೂ ಹೇಳುತ್ತಿರಲಿಲ್ಲ, ಅದೇ ನನಗೆ ಇವತ್ತಿಗೂ ನೋವಿನ ಸಂಗತಿ. ನಾನು ತಾತನನ್ನು ಒಪ್ಪಿಸಿದ್ದೇನೆಂದು ತಿಳಿದಿದ್ದೆ. ಅವರು ಒಪ್ಪಿರಲಿಲ್ಲ, ಸುಮ್ಮನಾಗಿದ್ದರು. ಏಳೆಂಟು ಜನರ ಮುಂದೆ, ಟವೆಲ್ ಹಾಸದೆ, ಅವರ ಕೈ ಹಿಡಿದು ತಿರುಚಿದ್ದೆ.

ಕನ್ನಡದಲ್ಲಿ ಈ ವ್ಯತ್ಯಾಸಗಳಿಗೆಲ್ಲ ಪದಗಳಿವೆ ಎಂಬುದನ್ನು ನಾನು ತಡವಾಗಿ ಗಮನಿಸಿದೆ. ಬಾಯಿ ಮುಚ್ಚಿಸುವುದು ಒಂದು, ಒಪ್ಪಿಸುವುದು ಇನ್ನೊಂದು, ನಂಬಿಸುವುದು ಮತ್ತೊಂದು. ನಂಬಿಸುವುದರ ಬೆನ್ನಿಗೇ ಮೋಸದ ಒಂದು ನೆರಳು ಇರುತ್ತದೆ. "ನಂಬಿಸಿ ಕತ್ತು ಕುಯ್ದ" ಎನ್ನುತ್ತೇವೆ, "ಒಪ್ಪಿಸಿ ಕತ್ತು ಕುಯ್ದ" ಎನ್ನುವುದಿಲ್ಲ. ಪುಸಲಾಯಿಸುವುದು ಮಕ್ಕಳಿಗೆ ಮತ್ತು ಮರುಳಾಗುವವರಿಗೆ, ಓಲೈಸುವುದು ಅಧಿಕಾರದಲ್ಲಿರುವವರಿಗೆ, ತಿಳಿಹೇಳುವುದು ಹಿರಿಯರು ಕಿರಿಯರಿಗೆ. ಇವೆಲ್ಲದರ ನಡುವೆ ಮನವೊಲಿಸುವುದು ಎಂಬ ಪದ ಬೇರೆಯಾಗಿ ನಿಲ್ಲುತ್ತದೆ, ಏಕೆಂದರೆ ಅದರಲ್ಲಿ ಒಲಿಯುವ ಕೆಲಸ ಕೇಳುವವನ ಮನಸ್ಸಿನದು. ನಾವು ಏನೇ ಮಾಡಿದರೂ ಕೊನೆಗೆ ಒಲಿಯಬೇಕಾದ್ದು ಅದು, ಮತ್ತು ಒಲಿಯದಿರುವ ಸ್ವಾತಂತ್ರ್ಯವೂ ಅದಕ್ಕಿದೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡ ನಾಡಿನ ಜನರನ್ನು ಹೊಗಳುವಾಗ "ಪದನರಿದು ನುಡಿಯಲುಂ ನುಡಿದುದನರಿದಾರಯಲುಂ" ಬಲ್ಲವರು ಎನ್ನುತ್ತದೆ. ಹದವರಿತು ಮಾತಾಡಬಲ್ಲವರು, ಆಡಿದ್ದನ್ನು ಅರಿತು ವಿಚಾರ ಮಾಡಬಲ್ಲವರು. ಆ "ಪದನ್" ಎಂಬುದೇ ಇಂದಿನ ಹದ. ಹದ ಎಂದರೇನೆಂದು ನಮ್ಮ ಕಡೆಯ ರೈತನಿಗೆ ವಿವರಿಸಬೇಕಾಗಿಲ್ಲ: ಮಳೆ ಬಿದ್ದ ಮಾರನೆಯ ದಿನ ಹೊಲಕ್ಕೆ ಕಾಲಿಟ್ಟು, ಒಂದು ಹಿಡಿ ಮಣ್ಣು ತೆಗೆದು ಅದುಮಿ ನೋಡಿ, ಇವತ್ತು ಬಿತ್ತಬಹುದೋ ನಾಳೆಗೆ ಬಿಡಬೇಕೋ ಎಂದು ತೀರ್ಮಾನಿಸುವುದು. ಹದ ಇರುವುದು ಮಣ್ಣಿನಲ್ಲಿ, ಬೀಜದಲ್ಲಲ್ಲ. ನಾನು ತಾತನೊಂದಿಗೆ ಮಾತಾಡಿದ ರಾತ್ರಿ ನನ್ನ ಬೀಜ ಚೆನ್ನಾಗಿಯೇ ಇತ್ತು.

ವಕೀಲಿಕೆಗೆ ಬಂದ ಮೇಲೆ ಮಾತಿನ ಶಾಸ್ತ್ರದ ಬಗ್ಗೆ ಓದುವ ಹುಚ್ಚು ಹಿಡಿಯಿತು. ಗ್ರೀಕರು ರೆಟರಿಕ್ ಎಂದು ಕರೆದ ಈ ವಿದ್ಯೆ ಹುಟ್ಟಿದ ಕತೆ ನಮ್ಮಂಥ ಸಿವಿಲ್ ವಕೀಲರಿಗೆ ಬಹಳ ಹತ್ತಿರದ್ದು. ಸಿಸಿಲಿ ದ್ವೀಪದ ಸಿರಾಕ್ಯೂಸ್ ಪಟ್ಟಣದಲ್ಲಿ ಕ್ರಿಸ್ತಪೂರ್ವ ಐದನೆಯ ಶತಮಾನದಲ್ಲಿ ಸರ್ವಾಧಿಕಾರಿಗಳ ಆಳ್ವಿಕೆ ಬಿದ್ದುಹೋದಾಗ, ಅವರು ಕಿತ್ತುಕೊಂಡಿದ್ದ ಜಮೀನುಗಳನ್ನು ವಾಪಸ್ಸು ಕೇಳಿಕೊಂಡು ಜನ ನ್ಯಾಯಸ್ಥಾನಕ್ಕೆ ಬಂದರಂತೆ. ದಾಖಲೆ ಯಾರ ಬಳಿಯೂ ಇರಲಿಲ್ಲ, ಇದ್ದದ್ದು ಮಾತು ಮಾತ್ರ. ಆ ಮಾತನ್ನು ಹೇಗೆ ಕಟ್ಟಬೇಕೆಂದು ಕಲಿಸಿದವರು ಕೊರಾಕ್ಸ್ ಮತ್ತು ಅವನ ಶಿಷ್ಯ ಟಿಸಿಯಾಸ್ ಎಂದು ಪರಂಪರೆ ಹೇಳುತ್ತದೆ. ಜಮೀನಿನ ತಕರಾರಿನಿಂದ ಒಂದು ಶಾಸ್ತ್ರವೇ ಹುಟ್ಟಿತು ಎಂದರೆ, ಪಹಣಿ ಮತ್ತು ಪೋಡಿಗಳ ನಡುವೆ ದಿನ ಕಳೆಯುವ ನನಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಅಥೆನ್ಸಿನಲ್ಲಿ ಕಕ್ಷಿದಾರರು ತಮ್ಮ ಪರವಾಗಿ ತಾವೇ ಮಾತಾಡಬೇಕಿತ್ತು. ಎದುರಿಗೆ ನೂರಾರು ತೀರ್ಪುಗಾರರು, ಪಕ್ಕದಲ್ಲಿ ಕಾಲ ಅಳೆಯುವ ನೀರಿನ ಗಡಿಯಾರ. ಕ್ರಿಸ್ತಪೂರ್ವ 399ರಲ್ಲಿ ಸಾಕ್ರಟೀಸನಿಗೆ ಮರಣದಂಡನೆ ಕೊಟ್ಟದ್ದು ಅಂಥದ್ದೇ ಸಭೆ. ಅಂದರೆ ಅಲ್ಲಿಯೂ ಒಪ್ಪಬೇಕಾದವನು ಎದುರಾಳಿಯಲ್ಲ, ಅಂಕ ಹಾಕುವವನು.

ಹಾಗಿದ್ದರೂ ಅರಿಸ್ಟಾಟಲನ ಬರಹದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಒಂದು ಜಾಗವಿದೆ. ಹೇಳುವವನ ನಡತೆಯ ಮೇಲಿನ ವಿಶ್ವಾಸ, ಕೇಳುವವನ ಭಾವ, ಹೇಳಿದ ಮಾತಿನ ತರ್ಕ ಎಂಬ ಮೂರು ಸಾಧನಗಳ ಬಗ್ಗೆ ಅವನು ಹೇಳಿದ್ದು ಎಲ್ಲೆಡೆ ಪ್ರಚಲಿತವಾಗಿದೆ, ಅದನ್ನು ನಾನು ಮತ್ತೆ ಹೇಳಬೇಕಿಲ್ಲ. ನನಗೆ ಮುಖ್ಯವೆನಿಸಿದ್ದು ಅವನು ಎಂಥಿಮೀಮ್ ಎಂದು ಕರೆಯುವ ಅರ್ಧ ತರ್ಕ. ಪೂರ್ತಿ ತರ್ಕದಲ್ಲಿ ಎಲ್ಲ ಮೆಟ್ಟಿಲುಗಳನ್ನೂ ಹೇಳಬೇಕು. ಜನರೆದುರು ಮಾತಾಡುವವನು ಹಾಗೆ ಮಾಡಬೇಕಿಲ್ಲ, ಕೇಳುವವನಿಗೆ ಗೊತ್ತಿರುವ ಮೆಟ್ಟಿಲನ್ನು ಬಿಟ್ಟರೆ ಅದನ್ನು ಅವನೇ ಸೇರಿಸಿಕೊಳ್ಳುತ್ತಾನೆ ಎನ್ನುತ್ತಾನೆ ಅರಿಸ್ಟಾಟಲ್. ಅವನ ಉದಾಹರಣೆ ಡೋರಿಯಸ್ ಎಂಬ ಕ್ರೀಡಾಪಟುವಿನದು: ಅವನು ಒಲಿಂಪಿಕ್ಸ್ ಗೆದ್ದ ಎಂದರೆ ಸಾಕು, ಅಲ್ಲಿ ಗೆದ್ದವರಿಗೆ ಕಿರೀಟ ಸಿಗುತ್ತದೆಂದು ಹೇಳುವ ಅಗತ್ಯವಿಲ್ಲ, ಅದು ಎಲ್ಲರಿಗೂ ಗೊತ್ತು. ನಮ್ಮ ಅಜ್ಜಿ ಅಂಗಳದಲ್ಲಿ ರಾಗಿ ಒಣಹಾಕಿದ್ದಾಗ "ಮೋಡ ಕಟ್ತಾ ಐತೆ ಕಣ್ರೋ" ಎಂದಷ್ಟೇ ಕೂಗುತ್ತಿದ್ದರು. ಮಳೆ ಬರುತ್ತದೆ ಎಂದಾಗಲಿ, ರಾಗಿ ನೆನೆಯುತ್ತದೆ ಎಂದಾಗಲಿ, ಎದ್ದು ಬನ್ನಿ ಎಂದಾಗಲಿ ಹೇಳುತ್ತಿರಲಿಲ್ಲ. ಉಳಿದ ಮೂರು ಮಾತನ್ನು ನಾವು ನಮ್ಮೊಳಗೇ ಹೇಳಿಕೊಂಡು ಮೊರ, ಪೊರಕೆ ಹಿಡಿದು ಓಡುತ್ತಿದ್ದೆವು. ಯಾರೋ ಓಡಿಸಿದರೆಂದು ನಮಗೆ ಅನ್ನಿಸುತ್ತಲೇ ಇರಲಿಲ್ಲ.

ಈ ಬಿಟ್ಟ ಮೆಟ್ಟಿಲನ್ನು ಸಮಯ ಉಳಿಸುವ ಉಪಾಯವೆಂದು ಓದಬಹುದು. ನಾನು ಹಾಗೆ ಓದುವುದಿಲ್ಲ. ಕೇಳುವವನು ಒಂದು ಮೆಟ್ಟಿಲನ್ನು ತಾನೇ ಹತ್ತಿದಾಗ ತೀರ್ಮಾನದಲ್ಲಿ ಅವನಿಗೆ ಪಾಲು ಬರುತ್ತದೆ, ಅದು ಅವನ ಸ್ವಂತದ್ದಾಗುತ್ತದೆ. ಅಂದು ಜಗುಲಿಯಲ್ಲಿ ನಾನು ಎಲ್ಲ ಮೆಟ್ಟಿಲುಗಳನ್ನೂ ನಾನೇ ಹತ್ತಿ, ಮೇಲೆ ನಿಂತು ತಾತನನ್ನು ಕರೆದಿದ್ದೆ. ಅವರಿಗೆ ಹತ್ತಲು ಒಂದೂ ಉಳಿದಿರಲಿಲ್ಲ.

ನಮ್ಮ ದೇಶದ ತರ್ಕಶಾಸ್ತ್ರ ಈ ಪ್ರಶ್ನೆಯನ್ನು ಬೇರೆ ಕಡೆಯಿಂದ ಹಿಡಿಯುತ್ತದೆ. ನ್ಯಾಯಸೂತ್ರಗಳು ಮಾತಿನ ಸೆಣಸಾಟವನ್ನು ಮೂರು ಬಗೆಯಾಗಿ ಬಿಡಿಸುತ್ತವೆ. ಸತ್ಯ ಯಾವುದೆಂದು ತಿಳಿಯಲು ಇಬ್ಬರೂ ಸೇರಿ ನಡೆಸುವುದು ವಾದ. ಗುರುಶಿಷ್ಯರ ನಡುವೆ ನಡೆಯಬಹುದಾದದ್ದು ಅದು. ಗೆಲ್ಲಲೆಂದೇ ಮಾತಾಡುವುದು ಜಲ್ಪ; ಅಲ್ಲಿ ಛಲ (ಎದುರಿನವನ ಮಾತಿನ ಅರ್ಥ ತಿರುಚುವುದು), ಜಾತಿ (ಹುಸಿ ಹೋಲಿಕೆಯಿಂದ ಆಕ್ಷೇಪಿಸುವುದು), ನಿಗ್ರಹಸ್ಥಾನ (ಎದುರಾಳಿ ಸೋತನೆಂದು ತೋರಿಸುವ ತಪ್ಪು) ಎಂಬ ಆಯುಧಗಳಿಗೂ ಜಾಗವಿದೆ. ತನ್ನದೊಂದು ಪಕ್ಷವನ್ನು ಸ್ಥಾಪಿಸದೆ ಎದುರಿನವನದನ್ನು ಕೆಡವುವುದಷ್ಟೇ ವಿತಂಡ. ನಾವು ದಿನವೂ ಬೈಗುಳದಂತೆ ಬಳಸುವ "ವಿತಂಡವಾದ" ಎಂಬ ಮಾತು ಅಲ್ಲಿಂದ ಬಂದದ್ದು. ಛಲಕ್ಕೆ ಕೊಡುವ ಹಳೆಯ ಉದಾಹರಣೆ ಕೋರ್ಟಿನಲ್ಲಿ ಪಾಟೀಸವಾಲು ಕೇಳಿದ ಯಾರಿಗೂ ಹೊಸದೆನಿಸದು. ಒಬ್ಬ, ದೇವದತ್ತ ನವಕಂಬಳ ಹೊದ್ದಿದ್ದಾನೆ, ಅಂದರೆ ಹೊಸ ಕಂಬಳಿ ಹೊದ್ದಿದ್ದಾನೆ ಎನ್ನುತ್ತಾನೆ. ಎದುರಾಳಿ ನವ ಎಂದರೆ ಒಂಬತ್ತು ಎಂದು ಹಿಡಿದು, ಎಲ್ಲಿ ಒಂಬತ್ತು ಕಂಬಳಿ, ಇರುವುದು ಒಂದೇ ಅಲ್ಲವೇ ಎಂದು ಎದ್ದು ನಿಲ್ಲುತ್ತಾನೆ. ನನ್ನ ವೃತ್ತಿಯ ಮೊದಲ ಹತ್ತು ವರ್ಷಗಳಲ್ಲಿ ನಾನು ಇಂಥ ಒಂಬತ್ತು ಕಂಬಳಿಗಳನ್ನು ಎಷ್ಟೋ ಸಲ ಎಣಿಸಿದ್ದೇನೆ. ಹಳ್ಳಿಯ ಸಾಕ್ಷಿಯೊಬ್ಬರು ಬದುವಿನ ದಿಕ್ಕು ಹೇಳುವಾಗ ಮೂಡಲು, ತೆಂಕಲು ತಡವರಿಸಿದ್ದನ್ನು ಹಿಡಿದು, ಅವರು ಆ ಜಮೀನನ್ನೇ ನೋಡಿಲ್ಲವೆಂದು ವಾದಿಸಿ ಗೆದ್ದದ್ದೂ ಇದೆ. ಅದು ಕಾನೂನಿನ ಚೌಕಟ್ಟಿನೊಳಗಿನ ಕೆಲಸವೇ, ಆದರೆ ಕೆಲವು ರಾತ್ರಿ ಆ ಸಾಕ್ಷಿಯ ಮುಖ ಕಣ್ಣ ಮುಂದೆ ಬರುತ್ತಿತ್ತು.

ವೈದ್ಯರಿಗೆ ಬರೆದ ಚರಕಸಂಹಿತೆಯ ವಿಮಾನಸ್ಥಾನದಲ್ಲಿಯೂ ಇದೇ ವಿಚಾರ ಬರುತ್ತದೆ: ಸ್ನೇಹದಿಂದ ಕೂಡಿ ಮಾಡುವ ಸಂಧಾಯ ಸಂಭಾಷೆ, ಹಗೆಯಿಂದ ಎದುರಾಗಿ ಮಾಡುವ ವಿಗೃಹ್ಯ ಸಂಭಾಷೆ. ರೋಗ ನಿರ್ಣಯ ಮಾಡುವವರಿಗೂ ತಾವು ಈಗ ನಡೆಸುತ್ತಿರುವುದು ಯಾವ ಬಗೆಯ ಮಾತು ಎಂಬ ಎಚ್ಚರ ಬೇಕೆಂದು ಅಷ್ಟು ಹಿಂದೆಯೇ ಅನ್ನಿಸಿತ್ತು. ನಮ್ಮ ಶಾಲೆ ಕಾಲೇಜುಗಳಲ್ಲಿ ವಿಗೃಹ್ಯಕ್ಕೆ ಪಾರಿತೋಷಕವಿದೆ, ಸಂಧಾಯಕ್ಕೆ ಒಂದು ಪೀರಿಯಡ್ಡೂ ಇಲ್ಲ. ಇದನ್ನು ನಾನು ದೂರಾಗಿಯೇ ಹೇಳುತ್ತಿದ್ದೇನೆ.

ಹೊರದೇಶದ ಒಂದು ಪ್ರಯೋಗವನ್ನೂ ಇಲ್ಲಿ ಹೇಳಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ಮಾಂಸಕ್ಕೆ ಅಭಾವವಾದಾಗ, ಜನ ಸಾಮಾನ್ಯವಾಗಿ ತಿನ್ನದ ಹೃದಯ, ಮೂತ್ರಪಿಂಡ ಮುಂತಾದ ಭಾಗಗಳನ್ನು ಮನೆಗಳಲ್ಲಿ ಬಳಸುವಂತೆ ಗೃಹಿಣಿಯರ ಮನವೊಲಿಸಬೇಕಾಗಿ ಬಂತು. ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ ಕೆಲವು ಗುಂಪುಗಳಿಗೆ ಒಳ್ಳೆಯ ಉಪನ್ಯಾಸ ಕೊಡಿಸಿದರು. ಪೌಷ್ಟಿಕತೆ, ದೇಶಸೇವೆ, ಅಡುಗೆಯ ಕ್ರಮ ಎಲ್ಲವೂ ಅದರಲ್ಲಿತ್ತು. ಇನ್ನು ಕೆಲವು ಗುಂಪುಗಳಲ್ಲಿ, ಇದನ್ನು ಮನೆಯಲ್ಲಿ ಮಾಡಲು ಹೋದರೆ ನಮ್ಮಂಥವರಿಗೆ ಏನೇನು ಅಡ್ಡಿ ಬರಬಹುದು ಎಂಬುದನ್ನು ಹೆಂಗಸರೇ ಮಾತಾಡಿಕೊಳ್ಳುವಂತೆ ಬಿಟ್ಟು, ಕೊನೆಗೆ ಯಾರು ಮಾಡಿ ನೋಡುತ್ತೀರೆಂದು ಕೈ ಎತ್ತಿಸಿದರು. ಆಮೇಲೆ ವಿಚಾರಿಸಿದಾಗ, ಹಿಂದೆ ಎಂದೂ ಮಾಡಿರದ ಆ ಅಡುಗೆಯನ್ನು ಮಾಡಿದವರು ಉಪನ್ಯಾಸ ಕೇಳಿದವರಲ್ಲಿ ಶೇ. 3, ತಾವೇ ಮಾತಾಡಿ ನಿರ್ಧರಿಸಿದವರಲ್ಲಿ ಶೇ. 32. ಆ ಪ್ರಯೋಗದಲ್ಲಿ ಎರಡು ಗುಂಪುಗಳ ನಡುವೆ ಒಂದಕ್ಕಿಂತ ಹೆಚ್ಚು ವ್ಯತ್ಯಾಸಗಳಿದ್ದವೆಂದು ಆಮೇಲಿನವರು ಆಕ್ಷೇಪಿಸಿದ್ದಾರೆ, ಅದು ನ್ಯಾಯವಾದ ಆಕ್ಷೇಪ. ಆದರೂ ನಮ್ಮ ಊರಿನ ಸ್ತ್ರೀಶಕ್ತಿ ಸಂಘದ ಸಭೆಗಳನ್ನು ನೋಡಿದ ನನಗೆ ಆ ಸಂಖ್ಯೆಗಳು ಕಟ್ಟುಕತೆ ಎನಿಸುವುದಿಲ್ಲ. ಅಧಿಕಾರಿಗಳು ಮೈಕ್ ಹಿಡಿದು ಹೇಳಿ ಹೋದದ್ದು ಅಲ್ಲಿಗೇ ಮುಗಿಯುತ್ತದೆ. ಅವರು ಹೋದ ಮೇಲೆ ಚಾಪೆಯ ಮೇಲೆ ಕೂತು ಹೆಂಗಸರು ಆಡಿಕೊಂಡದ್ದು ಮನೆಗೆ ಹೋಗುತ್ತದೆ.

ಇಷ್ಟು ಹೇಳಿ, ಟವೆಲ್ಲಿನ ಬಗ್ಗೆ ನನಗಿರುವ ಭಯವನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಬಟ್ಟೆಯ ಕೆಳಗೆ ಮರ್ಯಾದೆಯೂ ಉಳಿಯುತ್ತದೆ, ಮೋಸವೂ ನಡೆಯುತ್ತದೆ. ಆ ದಲ್ಲಾಳಿ ತಾತನ ಕೈಯಲ್ಲಿ ಒಂದು ಲೆಕ್ಕ, ಎತ್ತಿನವನ ಕೈಯಲ್ಲಿ ಇನ್ನೊಂದು ಲೆಕ್ಕ ಹಿಡಿದು ನಡುವಿನದನ್ನು ತನ್ನ ಜೇಬಿಗೆ ಹಾಕಿಕೊಳ್ಳಬಹುದಿತ್ತು, ಹಾಗೆ ಮಾಡಿದವರ ಕತೆಗಳು ಪ್ರತಿ ಜಾತ್ರೆಯಲ್ಲೂ ಇದ್ದವು. ಪ್ಲೇಟೋನ ಸಂವಾದವೊಂದರಲ್ಲಿ ಗೋರ್ಗಿಯಾಸ್ ಎಂಬ ವಾಗ್ಮಿ ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ: ವೈದ್ಯನಾದ ತನ್ನ ಸಹೋದರನ ಮಾತಿಗೆ ಔಷಧಿ ಕುಡಿಯಲು ಒಪ್ಪದ ರೋಗಿಗಳನ್ನು, ವೈದ್ಯಶಾಸ್ತ್ರ ಗೊತ್ತಿಲ್ಲದ ತಾನು ಬರೀ ಮಾತಿನಿಂದ ಒಪ್ಪಿಸಿದೆನೆಂದು. ಆ ಔಷಧಿ ಒಳ್ಳೆಯದಾಗಿದ್ದರೆ ಸಂತೋಷ. ಅದೇ ಬಾಯಿ ವಿಷವನ್ನೂ ಕುಡಿಸಬಲ್ಲದು ಎಂಬುದು ಸಾಕ್ರಟೀಸನ ಚಿಂತೆಯ ಮೂಲ. ಇನ್ನು ಊರಿಗೆಲ್ಲ ಸೇರಿದ ವಿಷಯಗಳಿಗೆ ಮರೆ ಕೂಡದೇ ಕೂಡದು. ಅವು ಬಯಲಿನಲ್ಲೇ, ಎಲ್ಲರಿಗೂ ಕೇಳುವಂತೆ ನಡೆಯಬೇಕು. ನಮ್ಮ ಮಧುಗಿರಿಯಿಂದ ಗೌರಿಬಿದನೂರಿನ ಕಡೆಗೆ ಹೋದರೆ ವಿದುರಾಶ್ವತ್ಥ ಸಿಗುತ್ತದೆ. ಸಭೆ ಸೇರಬಾರದು, ಬಾವುಟ ಏರಿಸಬಾರದು ಎಂದು ಮೈಸೂರು ಸಂಸ್ಥಾನದ ಸರ್ಕಾರ ನಿಷೇಧ ಹಾಕಿದ್ದಾಗ, 1938ರ ಏಪ್ರಿಲ್ 25ರಂದು ಅಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಆ ಸ್ಮಾರಕದ ಮುಂದೆ ನಿಂತಾಗಲೆಲ್ಲ, ತೆರೆದ ಬಯಲಿನಲ್ಲಿ ಬಾಯಿ ತೆರೆಯುವ ಹಕ್ಕಿಗಾಗಿ ನಮ್ಮ ಕಡೆಯ ಜನ ಸತ್ತಿದ್ದಾರೆಂಬುದು ನೆನಪಾಗುತ್ತದೆ. ಆದ್ದರಿಂದ ನಾನು ಮರೆಯ ಮಾತನ್ನು ಹೊಗಳುವುದು ಒಂದು ಕಡೆ ಮಾತ್ರ: ಒಬ್ಬ ಮನುಷ್ಯ ತನ್ನ ಹಳೆಯ ನಿಲುವಿನಿಂದ ಹೊಸದಕ್ಕೆ ದಾಟುವ ಆ ಒಂದೆರಡು ಹೆಜ್ಜೆಯ ಹೊತ್ತಿನಲ್ಲಿ.

ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಕಲಂ 2002ರ ಜುಲೈ 1ರಂದು ಹೊಸ ರೂಪದಲ್ಲಿ ಜಾರಿಗೆ ಬಂದ ಮೇಲೆ ನ್ಯಾಯಾಲಯಗಳು ದಾವೆಗಳನ್ನು ಮಧ್ಯಸ್ಥಿಕೆಗೆ ಕಳಿಸಲು ದಾರಿಯಾಯಿತು. ಮಧ್ಯಸ್ಥಿಕೆಗಾರನಾಗಲು ನಲವತ್ತು ಗಂಟೆಗಳ ತರಬೇತಿ ಪಡೆಯಬೇಕು. ಅಲ್ಲಿ ಮೊದಲ ದಿನ ನಮಗೆ ಹೇಳಿದ್ದು ವಾದಿಸಬೇಡಿ ಎಂದು. ನಲವತ್ತು ದಾಟಿದ ವಕೀಲರಿಗೆ ಅದು ಕೈ ಕಟ್ಟಿಹಾಕಿದಂತೆ. ಎರಡನೆಯ ದಿನ ಹೇಳಿದ್ದು ಪ್ರತ್ಯೇಕ ಭೇಟಿಯ ಬಗ್ಗೆ. ಎರಡೂ ಕಡೆಯವರನ್ನು ಒಟ್ಟಿಗೆ ಕೂರಿಸಿ ಮಾತಾಡಿದ ಮೇಲೆ, ಒಬ್ಬೊಬ್ಬರನ್ನೇ ಬೇರೆ ಕೋಣೆಯಲ್ಲಿ ಕಾಣಬೇಕು. ಅಲ್ಲಿ ಅವರು ಹೇಳಿದ್ದನ್ನು ಅವರ ಅನುಮತಿಯಿಲ್ಲದೆ ಎದುರಿನವರಿಗೆ ತಿಳಿಸಕೂಡದು. ಮಧ್ಯಸ್ಥಿಕೆ ಮುರಿದುಬಿದ್ದರೆ ಅಲ್ಲಿ ಆಡಿದ ಯಾವ ಮಾತೂ ಕೋರ್ಟಿನಲ್ಲಿ ಸಾಕ್ಷ್ಯವಾಗಕೂಡದು. ನಾನು ಆ ಮಧ್ಯಾಹ್ನ ಟಿಪ್ಪಣಿ ಬರೆಯುವುದನ್ನು ನಿಲ್ಲಿಸಿ ಸುಮ್ಮನೆ ಕೂತೆ. ತಾತನ ಕೈ ಮೇಲೆ ಹಾಸಿದ ಟವೆಲ್ಲಿಗೆ ಕಾನೂನಿನಲ್ಲಿ ಜಾಗ ಸಿಕ್ಕಿತ್ತು.

ಒಂದು ಪ್ರಕರಣವನ್ನು, ಅವರಿಬ್ಬರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಹೇಳುತ್ತೇನೆ. ಅಣ್ಣ ಮತ್ತು ತಂಗಿ. ಅಪ್ಪ ಅಮ್ಮ ಇಬ್ಬರೂ ಇಲ್ಲ. ಮೂರೂವರೆ ಎಕರೆ ಪಿತ್ರಾರ್ಜಿತ ಜಮೀನು, ಅದರಲ್ಲಿ ಎರಡು ಎಕರೆ ತೆಂಗಿನ ತೋಟ, ಉಳಿದದ್ದು ಖುಷ್ಕಿ. ತಂಗಿ ಭಾಗ ಕೇಳಿ ದಾವೆ ಹೂಡಿದ್ದರು. ಕಾನೂನಿನ ಪ್ರಶ್ನೆ ಬಹುತೇಕ ಇತ್ಯರ್ಥವಾದದ್ದೇ: ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಾನ ಹಕ್ಕು ಕೊಟ್ಟಿದೆ, ಅದನ್ನು 2020ರಲ್ಲಿ ಸುಪ್ರೀಂ ಕೋರ್ಟು ಇನ್ನಷ್ಟು ಗಟ್ಟಿ ಮಾಡಿದೆ. ಜಂಟಿ ಸಭೆಯಲ್ಲಿ ಅಣ್ಣ ಒಂದೇ ಮಾತು ಹೇಳಿ ಗೋಡೆ ನೋಡುತ್ತಾ ಕೂತರು: "ಅವ್ಳಿಗೆ ತವರು ಬೇಕೋ ಜಮೀನು ಬೇಕೋ ಕೇಳಿ ಸಾರ್."

ತಂಗಿಯನ್ನು ಬೇರೆಯಾಗಿ ಕಂಡಾಗ ಅವರು ಚೀಲದಿಂದ ಒಂದು ಹಳೆಯ ಜೆರಾಕ್ಸ್ ಪ್ರತಿ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟರು. ಅಪ್ಪ ತೀರಿಕೊಂಡ ಮೇಲೆ ಪೌತಿ ಖಾತೆಗೆಂದು ಮಾಡಿಸಿದ ವಂಶವೃಕ್ಷ. ಮೇಲೆ ಅಪ್ಪನ ಹೆಸರು, ಅದರಿಂದ ಕೆಳಗೆ ಒಂದು ಗೆರೆ, ಗೆರೆಯ ತುದಿಯಲ್ಲಿ ಅಣ್ಣನ ಹೆಸರು. "ಭಾಗದ ಮಾತು ಆಮೇಲೆ ಸಾರ್. ನಮ್ಮಪ್ಪನ ಮರದಲ್ಲಿ ನಾನೇ ಇಲ್ಲ ನೋಡಿ" ಎಂದರು. ಇದನ್ನು ಅಣ್ಣನಿಗೆ ಹೇಳಬಹುದೇ ಎಂದು ಕೇಳಿದೆ. ಹೇಳಿ ಎಂದರು, ಸ್ವಲ್ಪ ಯೋಚಿಸಿ, ತೋರಿಸಿ ಎಂದರು.

ಅಣ್ಣನ ಜೊತೆ ಒಳಗೆ ಕೂತಾಗ ನಾನು ಕಾನೂನನ್ನು ಹೇಳಲಿಲ್ಲ. ಅವರ ವಕೀಲರು ಅದನ್ನು ಆಗಲೇ ಹೇಳಿದ್ದರು. ಒಂದು ಬಿಳಿ ಹಾಳೆ, ಪೆನ್ನು ಕೊಟ್ಟು, ನಾನು ಜಮೀನು ನೋಡಿಲ್ಲ, ಸ್ವಲ್ಪ ಬರೆದು ತೋರಿಸಿ ಎಂದೆ. ಅವರು ಮೊದಲು ಹಾಕಿದ್ದು ಕೊಳವೆಬಾವಿಗಳ ಗುರುತು. "ಇದು ಫೇಲು, ಇದೂ ಫೇಲು, ಇದ್ರಲ್ಲಿ ಒಂದೂವರೆ ಇಂಚು ಬಂತು" ಎಂದು ಮೂರು ಸೊ‌ನ್ನೆ ಬರೆದು ಎರಡಕ್ಕೆ ಅಡ್ಡಗೆರೆ ಹೊಡೆದರು. ಮೂರಕ್ಕೂ ಸಾಲ ತಾವೇ ತೀರಿಸಿದ್ದು. ಆಮೇಲೆ ತೆಂಗಿನ ಸಾಲುಗಳು. ಒಂದೊಂದು ಸಾಲಿಗೂ ಎಷ್ಟು ಮರವೆಂದು ಬರೆದರು, ಯಾವ ವರ್ಷ ನುಸಿ ಬಿದ್ದು ಯಾವ ಮರ ಹೋಯಿತೆಂದು ಹೇಳಿದರು. ಮೂಡಲ ಕಡೆಯ ಮೊದಲ ಎರಡು ಸಾಲು ಅಪ್ಪ ನೆಟ್ಟದ್ದು, ಆಗ ತಾನು ಗುಂಡಿ ತೋಡಿದ್ದೆ, ಅವಳು ಬಿಂದಿಗೆಯಲ್ಲಿ ನೀರು ಹೊಯ್ದಿದ್ದಳು ಎಂದರು. ಅಷ್ಟು ಹೇಳಿ ಪೆನ್ನು ನಿಲ್ಲಿಸಿದರು. ನಾನೂ ಏನೂ ಹೇಳಲಿಲ್ಲ. ಹಾಗೆ ಸುಮ್ಮನಿರುವುದು ನನಗೆ ಬಹಳ ಕಷ್ಟದ ಕೆಲಸ. ನಾಲಗೆಯ ತುದಿಯಲ್ಲಿ ಒಂದು ಒಳ್ಳೆಯ ವಾಕ್ಯ ಸಿದ್ಧವಾಗಿತ್ತು, ಚರ್ಚಾಸ್ಪರ್ಧೆಯಲ್ಲಾದರೆ ಚಪ್ಪಾಳೆ ಬೀಳುವಂಥದ್ದು. ಅದನ್ನು ನುಂಗಿಕೊಂಡು, ವಂಶವೃಕ್ಷದ ಜೆರಾಕ್ಸನ್ನು ಅವರು ಬರೆದ ನಕ್ಷೆಯ ಪಕ್ಕದಲ್ಲಿ ಇಟ್ಟೆ, ಅಷ್ಟೇ. ಅವರು ಎರಡನ್ನೂ ಬಹಳ ಹೊತ್ತು ನೋಡಿದರು. ಆಮೇಲೆ ಮೂಡಲ ಕಡೆಯ ಸಾಲುಗಳಿಂದ ಎಣಿಸಿಕೊಂಡು ಬಂದು, ಕೊಳವೆಬಾವಿಯ ನೀರು ಎರಡೂ ಕಡೆಗೆ ಹೋಗುವಂತೆ, ತಾವೇ ಒಂದು ಗೆರೆ ಎಳೆದರು. ಗೆರೆ ಎಳೆದು ಮುಗಿದ ಮೇಲೆ ಹೇಳಿದರು: "ಊರಲ್ಲಿ ಮಾತ್ರ ನಾನಾಗೇ ಕೊಟ್ಟೆ ಅಂತ ಇರ್ಲಿ ಸಾರ್. ಕೋರ್ಟು ಕಿತ್ತುಕೊಡ್ತು ಅನ್ನಿಸ್ಕೊಳಕ್ಕೆ ನನ್ ಕೈಲಾಗಲ್ಲ."

ಇಲ್ಲಿ ನನಗೆ ಒಂದು ಸಂಕಟ ಎದುರಾಯಿತು. ಅಣ್ಣನ ಮರ್ಯಾದೆ ಉಳಿಸಲು "ಪ್ರೀತಿಯಿಂದ ಕೊಟ್ಟ ಭಾಗ" ಎಂದು ರಾಜಿ ಅರ್ಜಿಯಲ್ಲಿ ಬರೆದರೆ, ತಂಗಿಯ ಹಕ್ಕು ದಾನವಾಗಿಬಿಡುತ್ತದೆ. ಯಾವ ಮರದಲ್ಲಿ ಅವರ ಹೆಸರಿಲ್ಲವೋ ಅದೇ ಮರವನ್ನು ನಾನು ಮತ್ತೊಮ್ಮೆ ಬರೆದಂತಾಗುತ್ತದೆ. ಮನವೊಲಿಕೆಯ ಹೆಸರಿನಲ್ಲಿ ಬಲಹೀನರಿಂದ ಇನ್ನಷ್ಟು ಬಿಟ್ಟುಕೊಡಿಸುವ ಅಪಾಯ ನಮ್ಮ ಈ ಕೆಲಸದಲ್ಲಿ ಯಾವಾಗಲೂ ಇದೆ, ಮತ್ತು ಅದನ್ನು ಮಾಡುವವರಿಗೆ ತಾವು ಒಳ್ಳೆಯದನ್ನೇ ಮಾಡುತ್ತಿದ್ದೇವೆಂಬ ಭಾವನೆಯೂ ಇರುತ್ತದೆ. ನಾನು ಅಣ್ಣನ ಅನುಮತಿ ಪಡೆದು ಅವರ ಮಾತನ್ನು ಹಾಗೆಯೇ ತಂಗಿಗೆ ತಿಳಿಸಿದೆ. ಅವರು ತಕ್ಷಣವೇ ಉತ್ತರ ಕೊಟ್ಟರು. "ಊರಲ್ಲಿ ಅವ್ನು ಏನಾದ್ರೂ ಹೇಳ್ಕೊಳ್ಳಿ ಸಾರ್, ನಾನು ಇಲ್ಲ ಅನ್ನಲ್ಲ. ಕಾಗದದಲ್ಲಿ ಮಾತ್ರ ಹಕ್ಕು ಅಂತ್ಲೇ ಇರ್ಬೇಕು."

ಎರಡೂ ಕೋಣೆಗಳ ನಡುವೆ ನಾನು ಮತ್ತೆ ಮೂರು ಸಲ ಓಡಾಡಿದೆ. ಒಂದೇ ಒಂದು ವಾಕ್ಯಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. "ಕೊಟ್ಟ" ಹೋಗಿ "ಬಿಟ್ಟುಕೊಟ್ಟ" ಬಂತು, ಅದೂ ಹೋಗಿ "ಹಕ್ಕಿನ ಪ್ರಕಾರ ಸೇರಬೇಕಾದ ಅರ್ಧ ಭಾಗವನ್ನು ಉಭಯ ಪಕ್ಷದವರು ಪರಸ್ಪರ ಒಪ್ಪಿ ವಿಂಗಡಿಸಿಕೊಂಡಿರುತ್ತಾರೆ" ಎಂಬಲ್ಲಿಗೆ ಬಂದು ನಿಂತಿತು. ಕೆಳಗೆ ಷೆಡ್ಯೂಲು, ಚಕ್ಕುಬಂದಿ, ನೀರಿನ ಸರದಿ. ಟೈಪ್ ಮಾಡಿಸಿ ತಂದ ಮೇಲೆ ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಮೊದಲಿಂದ ಓದಿದೆ. ಪಕ್ಷದವರ ವಿವರದ ಜಾಗಕ್ಕೆ ಬಂದಾಗ ಅಣ್ಣ ಕೈ ಅಡ್ಡ ಹಿಡಿದರು. ಅಲ್ಲಿ ತಂಗಿಯ ಹೆಸರಿನ ಮುಂದೆ, ನಮ್ಮ ಕಡೆಯ ಎಲ್ಲ ಕಾಗದಗಳಲ್ಲಿ ಇರುವಂತೆ, "ಕೋಂ" ಎಂದು ಬರೆದು ಗಂಡನ ಹೆಸರು ಹಾಕಿತ್ತು.

"ಅದ್ನ ತೆಗೀರಿ ಸಾರ್" ಎಂದರು ಅಣ್ಣ. "ನಮ್ಮಪ್ಪನ ಹೆಸ್ರು ಹಾಕಿ, ಅವ್ರ ಮಗಳು ಅಂತ."

ನಾನು ಹಾಳೆಯನ್ನು ಮತ್ತೆ ಟೈಪಿಗೆ ಕಳಿಸಿದೆ.